ನಿಂತದ್ರಿ ಸರ್

ನಾನು ನಿವೃತ್ತನಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಬೀದರ್ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಆಸ್ಪತ್ರೆಗೆ ಭಾಲ್ಕಿಯಲ್ಲೊಂದು, ಔರಾದ್‌ನಲ್ಲೊಂದು ಶಾಖೆ. ಅಲ್ಲಿ ತೆಗೆದ ಸ್ಕ್ಯಾನ್, ಇಸಿಜಿ ಎಲ್ಲವೂ ಬೀದರ್‌ನ ಸರ್ವರಿಗೆ ಬರಬೇಕು, ಇಲ್ಲಿಯ ಡಾಕ್ಟರು ನೋಡಿ ಹೇಳಬೇಕು. ಆ ವ್ಯವಸ್ಥೆ ಕಟ್ಟಿದವನು ನಾನು.

ಸರ್ವರಿನ ಫೋಲ್ಡರನ್ನು ದೂರದ ಕಂಪ್ಯೂಟರಿಗೆ ಜೋಡಿಸಿದರೆ ಅದು ಅಲ್ಲಿಯದೇ ಫೋಲ್ಡರಿನ ಹಾಗೆ ಕಾಣುತ್ತದೆ. ಇದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ಪ್ರತಿ ಶಾಖೆಗೂ ಎರಡು ಮೌಂಟ್ ಕೊಟ್ಟಿದ್ದೆ, ಒಂದು ಸ್ಕ್ಯಾನಿಗೆ, ಇನ್ನೊಂದು ಇಸಿಜಿಗೆ. ಎರಡೂ ಒಂದೇ ಸರ್ವರಿನವಾದರೆ, ನಾವಾಗಿ ಬೇಡವೆನ್ನದ ಹೊರತು, ಕಂಪ್ಯೂಟರು ಎರಡಕ್ಕೂ ಒಂದೇ ನೆಟ್‌ವರ್ಕ್ ಕನೆಕ್ಷನ್ ಬಳಸುತ್ತದೆ. ನಾನು ಬೇಡವೆನ್ನಲಿಲ್ಲ. ಕನೆಕ್ಷನ್ ಕಡಿಮೆಯಾದಷ್ಟೂ ಸರ್ವರಿಗೆ ಹೊರೆ ಕಡಿಮೆ, ಕೆಟ್ಟರೆ ಹುಡುಕುವ ಜಾಗವೂ ಒಂದೇ. ಮೀಟಿಂಗಿನಲ್ಲಿ ಇದನ್ನು ಎದೆಯುಬ್ಬಿಸಿಕೊಂಡೇ ಹೇಳಿದ್ದೆ. ಜೊತೆಗೆ ಇನ್ನೊಂದು ನಿಯಮವನ್ನೂ ಮಾಡಿದ್ದೆ: ರೋಗಿಗಳ ಯಾವ ಕಾಗದವನ್ನೂ ಮೊಬೈಲಿನಲ್ಲಿ ಫೋಟೊ ಹೊಡೆದು ಕಳಿಸಕೂಡದು.

ಮೊದಲು ತಕರಾರು ತೆಗೆದವರು ಭಾಲ್ಕಿಯವರು. "ದೊಡ್ಡ ಸ್ಕ್ಯಾನ್ ಹೊಂಟಾಗ ಇಸಿಜಿ ಹಿಂದ ಉಳೀತದ್ರಿ ಸರ್" ಎಂದರು. ಒಂದೇ ಬಾಗಿಲಿನ ಬಸ್ಸಿಗೆ ತೊಗರಿ ಚೀಲ ಏರಿಸುವವರ ಹಿಂದೆ ಬರಿಗೈಯವನು ಕಾದ ಹಾಗೆ, ಚಿಕ್ಕ ಫೈಲು ದೊಡ್ಡ ಫೈಲುಗಳ ಹಿಂದೆ ಕಾಯುತ್ತಿತ್ತು. "ಎರಡು ನಿಮಿಷ ತಡೀರಿ, ಏನ್ ಗಂಟು ಹೋಗ್ತದ?" ಎಂದೆ. ಅದನ್ನು ತಲೆಗೇ ಹಚ್ಚಿಕೊಳ್ಳಲಿಲ್ಲ.

ಮಳೆಗಾಲದ ಒಂದು ಸೋಮವಾರ. ಔರಾದ್ ಶಾಖೆಯ ಟೆಕ್ನಿಷಿಯನ್ ಪರ್ವೀನ್ ಹನ್ನೊಂದು ಗಂಟೆಗೆ ಫೋನ್ ಮಾಡಿದರು. ಆರು ವರ್ಷದಿಂದ ಇದ್ದವರು, ಸುಮ್ಮಸುಮ್ಮನೆ ಗಾಬರಿಯಾಗುವವರಲ್ಲ.

"ಸರ್, ಮುಂಜಾನಿಂದ ಲೈನ್ ನಿಲ್ಲವಲ್ದ್ರಿ. ಬರ್ತದ, ಹೋಗ್ತದ. ಠಾಣಾ ಕುಶನೂರದಿಂದ ಒಬ್ಬರು ಬಂದಾರ, ಎದಿನೋವು ಅಂತಾರ. ಇಸಿಜಿ ತೆಗ್ದೇನಿ, ಅರ್ಜೆಂಟ್ ಅದ."

ನಾನು ಇಲ್ಲಿಂದಲೇ ಕನೆಕ್ಷನ್ ಕಡಿದು ಮತ್ತೆ ಜೋಡಿಸಿದೆ. ನನ್ನ ಪರದೆಯ ಮೇಲೆ ಹಸಿರು ಬಂತು. ಊರ ಹೊರಗೆ ಕೊಳಾರದ ಕಾರ್ಖಾನೆಯೊಂದರಲ್ಲಿ ನಮ್ಮ ಆರೋಗ್ಯ ತಪಾಸಣೆ ಶಿಬಿರವಿತ್ತು, ನಾನು ಹೊರಡುವ ಅವಸರದಲ್ಲಿದ್ದೆ.

"ಈಗ ನಿಂತದೇನ್ರಿ?" ಎಂದು ಕೇಳಿದೆ.

"ನಿಂತದ್ರಿ ಸರ್, ನಿಂತದ" ಎಂದರು.

"ಆಯ್ತು ಬಿಡ್ರಿ" ಎಂದು ಫೋನ್ ಇಟ್ಟೆ.

ಲೈನು ಗಟ್ಟಿಯಾಗಿ ನಿಂತಿತೇ ಎಂದು ನಾನು ಕೇಳಿದ್ದೆ. ಫೈಲು ಮುಂದೆ ಹೋಗದೆ ನಿಂತುಬಿಟ್ಟಿದೆ ಎಂದು ಅವರು ಹೇಳಿದ್ದರು. ಕನೆಕ್ಷನ್ ಬಂದ ಕೂಡಲೇ ಮುಂಜಾನೆಯಿಂದ ಉಳಿದಿದ್ದ ಸ್ಕ್ಯಾನುಗಳೆಲ್ಲ ಒಟ್ಟಿಗೆ ಹೊರಟು, ಇಸಿಜಿ ಅವುಗಳ ಹಿಂದೆ ಸಿಕ್ಕಿಕೊಂಡಿತ್ತು. ಸರ್ ರಿಪೇರಿ ಮಾಡುತ್ತಿದ್ದಾರೆ ಎಂದು ಅವರು ಕಾದರು. ರಿಪೇರಿ ಮುಗಿಯಿತೆಂದು ನಾನು ಸ್ಕೂಟರ್ ಹತ್ತಿದೆ.

ಕಾರ್ಖಾನೆಯ ಸದ್ದಿನಲ್ಲಿ ಫೋನ್ ಕೇಳಿಸಲಿಲ್ಲ. ಅವರು ನಾಲ್ಕು ಸಲ ಮಾಡಿದ್ದರು. ಕೊನೆಗೆ ನನ್ನ ನಿಯಮ ಮುರಿದು ಮೊಬೈಲಿನಲ್ಲಿ ಫೋಟೊ ಹೊಡೆದು ಡಾಕ್ಟರಿಗೆ ಕಳಿಸಿದರು. ಡಾಕ್ಟರು ನೋಡಿದ ಕೂಡಲೇ ಬೀದರ್‌ಗೆ ಕರೆತರಲು ಹೇಳಿದರು. ಅಷ್ಟರಲ್ಲಿ ನಲವತ್ತು ನಿಮಿಷ ಹೋಗಿತ್ತು. ಆಂಬುಲೆನ್ಸ್ ಬೀದರ್ ಮುಟ್ಟುವ ಮೊದಲೇ ಜೀವ ಹೋಯಿತು. ಅವರ ಹೆಸರು ಶಿವರಾಜ, ಬಡಿಗತನ ಮಾಡುತ್ತಿದ್ದರು, ವಯಸ್ಸು ನಲವತ್ತಾರು.

ನಾನು ಮರಳಿ ಬಂದು ಸರ್ವರ್ ನೋಡಿದೆ. ಇಸಿಜಿ ಫೈಲು ಬಂದಿತ್ತು. ಪೂರ್ತಿಯಾಗಿ, ಒಂದು ಗೆರೆಯೂ ತಪ್ಪದೆ ಬಂದಿತ್ತು. ಬಂದ ಹೊತ್ತು ನೋಡಿದರೆ, ಆಂಬುಲೆನ್ಸ್ ಔರಾದ್ ಬಿಟ್ಟು ಆರು ನಿಮಿಷವಾಗಿತ್ತು. ನನಗೆ ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಡಬ್ಬಿ ತೆಗೆದು ಊಟ ಮಾಡಿದೆ. ಪಲ್ಯ ಯಾವುದಿತ್ತು ಎಂದು ಈಗ ಎಷ್ಟು ನೆನಪಿಸಿಕೊಂಡರೂ ಆಗುವುದಿಲ್ಲ.

ಊಟ ಮುಗಿಸಿ ಸೆಟ್ಟಿಂಗ್ ತೆರೆದೆ. ಈ ಮೌಂಟ್ ತನ್ನ ಕನೆಕ್ಷನನ್ನು ಬೇರೆಯವರ ಜೊತೆ ಹಂಚಿಕೊಳ್ಳಬಾರದು ಎಂದು ಹೇಳಲು ಒಂದೇ ಪದ ಸೇರಿಸಬೇಕು: ನೋಶೇರ್‌ಸಾಕ್. ಇಂಗ್ಲಿಷಿನಲ್ಲಿ ಹನ್ನೊಂದು ಅಕ್ಷರ. ಇಸಿಜಿಯ ಮೌಂಟಿಗೆ ಅದನ್ನು ಸೇರಿಸಿ, ಬಿಚ್ಚಿ ಮತ್ತೆ ಜೋಡಿಸಿ, ಸ್ಕ್ಯಾನುಗಳು ಹೋಗುತ್ತಿರುವಾಗಲೇ ಪರೀಕ್ಷಿಸಿದೆ. ಇಸಿಜಿ ನಾಲ್ಕು ಸೆಕೆಂಡಿನಲ್ಲಿ ಬಂತು. ಭಾಲ್ಕಿಗೂ ಹಾಗೆಯೇ ಮಾಡಿದೆ. ಸರ್ವರಿಗೆ ಹೊರೆಯೇನೂ ಆಗಲಿಲ್ಲ.

ನಲವತ್ತು ನಿಮಿಷ ಉಳಿದಿದ್ದರೆ ಅವರು ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ಕೇಳಿದೆ. "ಹೇಳಾಕ ಬರಲ್ರಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಹದಿನೈದು ದಿನದ ಮೇಲೆ ಶಿವರಾಜ ಅವರ ಹೆಂಡತಿ ಮಹಾದೇವಿ ಇಸಿಜಿಯ ಪ್ರತಿ ಕೇಳಿಕೊಂಡು ಬಂದರು. ನಾನೇ ಪ್ರಿಂಟ್ ತೆಗೆದುಕೊಟ್ಟೆ. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಮಷೀನ್ ಕೆಟ್ಟಿತ್ತಂತ ಹೌದೇನ್ರಿ ಅಣ್ಣಾರ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆಡಳಿತದವರೂ ಹಾಗೆಯೇ ಹೇಳಬೇಕೆಂದು ನನಗೆ ತಿಳಿಸಿದ್ದರು.

"ಕೆಟ್ಟಿರಲಿಲ್ರಿ ಅಕ್ಕಾ" ಎಂದೆ. "ಮಷೀನ್ ಛಲೋ ಇತ್ತು. ನಾ ಕೇಳಿದ್ದು ತಪ್ಪಿತ್ತು."

ನಾನು ವಿಚಾರಿಸಿದ್ದು ತಪ್ಪೋ, ನನ್ನ ಕಿವಿಗೆ ಬಿದ್ದದ್ದು ತಪ್ಪೋ, ಅವರು ಕೇಳಲಿಲ್ಲ. ಎರಡೂ ಹೌದಾಗಿತ್ತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡು, "ಬರ್ತೇನ್ರಿ" ಎಂದು ಹೊರಟುಹೋದರು.

ಆಮೇಲಿನ ಎರಡು ವರ್ಷ ಫೋನಿನಲ್ಲಿ ನಾನು ಯಾರನ್ನೂ ನಿಂತದೇನು, ನಡದದೇನು ಎಂದು ಕೇಳಲಿಲ್ಲ. "ನಿಮ್ಮ ಪರದೆ ಮೇಲೆ ಏನ್ ಬರದದ, ಓದಿ ಹೇಳ್ರಿ" ಎಂದು ಕೇಳಿದೆ, ಅವರು ಓದಿ ಮುಗಿಸುವವರೆಗೆ ಫೋನ್ ಇಡಲಿಲ್ಲ. ಒಂದು ಕನೆಕ್ಷನ್ ಸಾಕೋ ಎರಡು ಬೇಕೋ ಎಂಬುದನ್ನು ಸರ್ವರಿಗೆಷ್ಟು ಹೊರೆ ಎಂದು ನೋಡಿ ತೀರ್ಮಾನಿಸಬಾರದು, ಆ ತುದಿಯಲ್ಲಿ ಯಾರು ಕಾಯುತ್ತಿದ್ದಾರೆ ಎಂದು ನೋಡಿ ತೀರ್ಮಾನಿಸಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟು.

ಈಗ ಮೈಲೂರಿನ ಮನೆಯಲ್ಲಿದ್ದೇನೆ. ಮಳೆ ಬಂದ ದಿನ ಹೆಂಡತಿ ಒಣಹಾಕುವ ಬಟ್ಟೆಯ ಬುಟ್ಟಿ ಹಿಡಿದುಕೊಂಡು ಒಳಗಿನಿಂದ ಕೇಳುತ್ತಾಳೆ: "ಮಳಿ ನಿಂತದೇನ್ರಿ?"

ನಾನು ಎದ್ದು, ಬಾಗಿಲು ತೆಗೆದು, ಅಂಗಳಕ್ಕೆ ಕೈ ಚಾಚಿ ನೋಡುತ್ತೇನೆ.

"ಹನಿ ಬೀಳವಲ್ದು" ಎನ್ನುತ್ತೇನೆ.