ಪಚ್ಚೆಯೊಳಗಿನ ಗುಳ್ಳೆ

ಕಲ್ಲು ತೋರಿಸಲು ಬರುವವರೆಲ್ಲ ಅದು ಅಸಲಿ ಎಂದು ಹೇಳಿಸಿಕೊಳ್ಳಲೇ ಬರುತ್ತಾರೆ. ಒಬ್ಬರು ಮಾತ್ರ ಹಾಗೆ ಬಂದಿರಲಿಲ್ಲ.

ಎಪ್ಪತ್ತರ ದಶಕದ ಕೊನೆ ಇರಬೇಕು. ಉಡುಪಿಯ ಒಂದು ಚಿನ್ನದಂಗಡಿಯಲ್ಲಿ ನಾನು ಕಲ್ಲು ಪರೀಕ್ಷೆ ಮಾಡುತ್ತಿದ್ದೆ. ಕಾರ್ಕಳದ ಹೆಂಗಸೊಬ್ಬರು ಪಚ್ಚೆಯ ಉಂಗುರ ಮುಂದಿಟ್ಟರು. ಭೂತಗನ್ನಡಿ ಹಿಡಿದು ನೋಡಿದೆ. ಒಳಗೆ ಪಾಚಿಯಂಥ ಎಳೆಗಳು, ಒಂದು ಸಣ್ಣ ಬಿರುಕು.

"ಅಸಲಿಯೇ ಅಮ್ಮ. ಗಾಜಾದರೆ ಒಳಗೆ ದುಂಡಗಿನ ಗುಳ್ಳೆ ಇರ್ತದೆ. ಇದರಲ್ಲಿ ಇಲ್ಲ," ಎಂದೆ ಖುಷಿಯಿಂದ.

ಅವರ ಮುಖ ಬಾಡಿತು. "ಇನ್ನೊಮ್ಮೆ ಸರಿಯಾಗಿ ನೋಡಿ. ಇದು ಬೆರಳಲ್ಲಿದ್ದರೆ ನಮ್ಮ ಯಜಮಾನರಿಗೆ ಎಂತದೂ ಆಗುವುದಿಲ್ಲ ಅಂತ ಕಾಪುವಿನ ಜೋಯಿಸರು ಕೊಡಿಸಿದ್ದು. ಹೋದ ತಿಂಗಳು ಮಣಿಪಾಲದ ಆಸ್ಪತ್ರೆಯಿಂದ ಅವರನ್ನು ತರುವಾಗ ಜೀವ ಇರಲಿಲ್ಲ, ಉಂಗುರ ಬೆರಳಲ್ಲೇ ಇತ್ತು. ಅಸಲಿ ಆಗಿದ್ದರೆ ಅವರು ಉಳಿಯಬೇಕಿತ್ತು, ಅಲ್ವಾ?"

ನಾನು ಮತ್ತೆ ನೋಡಿದೆ. ಬೇಕೆಂದೇ ತುಂಬ ಹೊತ್ತು ನೋಡಿದೆ.

"ಹೌದು. ಮೂಲೆಯಲ್ಲಿ ಒಂದು ಗುಳ್ಳೆ ಉಂಟು."

"ನನಗೆ ಗೊತ್ತಿತ್ತು," ಎಂದು ಅವರು ಉಂಗುರವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದರು. ಎಷ್ಟೋ ದಿನಗಳ ಮೇಲೆ ಉಸಿರು ಬಿಟ್ಟವರಂತೆ ಕಂಡರು.

ಕೆಲವು ತಿಂಗಳಾದ ಮೇಲೆ ಕಾಪುವಿನ ಆ ಜೋಯಿಸರೇ ಅಂಗಡಿಗೆ ಬಂದರು. ಯಾರಿಗೂ ಕೆಟ್ಟ ಕಲ್ಲು ಕೊಡಿಸಿದ ಮನುಷ್ಯರಲ್ಲ. "ಕಾರ್ಕಳ ಬದಿಯವರು ಈಗ ನನ್ನಲ್ಲಿಗೆ ಬರುವುದೇ ಇಲ್ಲ ಮಾರಾಯ. ನಾನು ಗಾಜು ಕೊಡ್ತೇನೆ ಅಂತ ಸುದ್ದಿಯಂತೆ. ಯಾರು ಹೇಳಿದ್ದೋ," ಎಂದರು.

ನಾನು ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ತಲೆ ಬಗ್ಗಿಸಿದೆ. ಕೈಯಲ್ಲಿ ಕಲ್ಲೇ ಇರಲಿಲ್ಲ. ಅದನ್ನು ಅವರು ಗಮನಿಸಿದರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.