ನಂದಿ ಇಳಿಜಾರಿನಲ್ಲಿ ಭಾವನ ನ್ಯೂಟ್ರಲ್

ಭಾನುವಾರ ಬೆಳಗ್ಗೆ ಸಂಜಯನಗರ ಬಿಟ್ಟೆವು. ಕಾರು ಭಾವನದು, ಡ್ರೈವಿಂಗೂ ಅವರದೇ. ಮುಂದಿನ ತಿಂಗಳು ಅದೇ ಕಾರಿನಲ್ಲಿ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಬೇಕೆಂದು ಅವರ ಹಟ. "ಮೊದ್ಲು ನಂದಿ ಹತ್ತಿ ಇಳಿಸಿ ತೋರ್ಸಿ, ಆಮೇಲೆ ಘಾಟಿ ಮಾತು," ಎಂದು ಅಕ್ಕ ಷರತ್ತು ಹಾಕಿದ್ದಳು. ದಿನವೂ ಆಫೀಸಿಗೆ ಕಾರು ಓಡಿಸುವ ನಾನು ಪರೀಕ್ಷಕಿಯಾಗಿ ಮುಂದೆ ಕೂತೆ. ಆ ಕೆಲಸ ಯಾಕೆ ಒಪ್ಪಿಕೊಂಡೆನೋ.

ಹೆಬ್ಬಾಳದ ಫ್ಲೈಓವರ್ ಇಳಿಯುವಾಗಲೇ ಭಾವ ನ್ಯೂಟ್ರಲ್‌ಗೆ ತಂದರು. "ಇಳಿಜಾರಲ್ವಾ, ಪೆಟ್ರೋಲ್ ಉಳಿಯುತ್ತೆ." ಉಳಿಯುವುದಿಲ್ಲ, ಗೇರಿನಲ್ಲಿದ್ದರೆ ಎಂಜಿನ್ನೇ ಕಾರನ್ನು ಹಿಡಿದು ನಿಧಾನ ಮಾಡುತ್ತದೆ ಎಂದೆ.

"ನಾನು ಓಡ್ಸೋಕೆ ಶುರು ಮಾಡ್ದಾಗ ನೀನಿನ್ನೂ ಸ್ಕೂಲಲ್ಲಿದ್ದೆ ಕಣಮ್ಮ."

ಯಲಹಂಕ ದಾಟುವವರೆಗೂ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ದೇವನಹಳ್ಳಿಯಲ್ಲಿ ಇಡ್ಲಿ ತಿಂದೆವು, ಚಟ್ನಿ ನೀರಾಗಿತ್ತು. ಬೆಟ್ಟದ ಮೇಲೆ ಮಂಜು ಮುಸುಕಿ ಏನೂ ಕಾಣಲಿಲ್ಲ, ಸೆಲ್ಫಿ ತೆಗೆಯುವವರ ಬೆನ್ನುಗಳಷ್ಟೇ ಕಂಡವು.

ಇಳಿಯುವಾಗ ಮತ್ತೆ ನ್ಯೂಟ್ರಲ್. ತಿರುವು ತಿರುವಿಗೂ ಬ್ರೇಕ್ ಒತ್ತಿ ಒತ್ತಿ ಅರ್ಧ ದಾರಿಗೇ ಸುಟ್ಟ ವಾಸನೆ ಬಂತು. ಭಾವನ ಮುಖ ಬಿಳುಚಿತು. "ಬ್ರೇಕ್ ಹಿಡೀತಿಲ್ಲ, ಪೆಡಲ್ ಒಳಗೇ ಹೋಗ್ತಿದೆ," ಎಂದರು. ಹಿಂದಿನ ಸೀಟಿನಲ್ಲಿ ಅಕ್ಕ ಮಂಜುನಾಥಸ್ವಾಮಿಯನ್ನು ಕರೆಯತೊಡಗಿದಳು.

"ಭಾವ, ಥರ್ಡಿಗೆ ಹಾಕಿ. ಕ್ಲಚ್ ನಿಧಾನಕ್ಕೆ ಬಿಡಿ. ಈಗ ಸೆಕೆಂಡು."

"ಗೇರ್‌ಬಾಕ್ಸ್ ಹೋಗುತ್ತೆ."

"ಅದು ಹೋಗ್ಲಿ, ನಾವು ಹೋಗೋದು ಬೇಡ."

ಹಾಕಿದರು. ಎಂಜಿನ್ ಗುರುಗುಟ್ಟಿತು, ಕಾರು ಯಾರೋ ಹಿಂದಿನಿಂದ ಹಿಡಿದಂತೆ ನಿಧಾನವಾಯಿತು. ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆದು ರಸ್ತೆ ಬದಿಗೆ ನಿಲ್ಲಿಸಿದೆವು. ಬಿಸಿ ಚಕ್ರಕ್ಕೆ ನೀರು ಸುರಿಯಲು ಬಾಟಲಿ ಹಿಡಿದು ಓಡಿದ ಭಾವನನ್ನು ತಡೆಯುವಷ್ಟರಲ್ಲಿ ನನಗೆ ಸಾಕಾಗಿತ್ತು; ಕಾದ ಬ್ರೇಕಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಚಕ್ರ ತಣ್ಣಗಾಗಿ, ಬ್ರೇಕ್ ಮತ್ತೆ ಗಟ್ಟಿಯಾಗುವವರೆಗೆ ಕಾದೆವು. ಉಳಿದ ದಾರಿಯನ್ನು ಸೆಕೆಂಡ್ ಗೇರಿನಲ್ಲೇ ಇಳಿದೆವು. ಹೆಚ್ಚು ಬ್ರೇಕೇ ಬೇಕಾಗಲಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಬಯಲಿಗೆ ಬಂದರೂ ಭಾವ ಗೇರು ಬದಲಿಸಲಿಲ್ಲ.

"ಭಾವ, ಇಳಿಜಾರು ಮುಗೀತು. ಥರ್ಡು, ಫೋರ್ತು ಹಾಕಿ."

"ಎಂಜಿನ್ ಹಿಡ್ಕೊಂಡಿರ್ಲಿ ಬಿಡಮ್ಮ. ನೀನೇ ತಾನೆ ಹೇಳಿದ್ದು."

ಎಂಜಿನ್ ಅರಚುತ್ತಿತ್ತು, ಹಿಂದಿನವರು ಹಾರನ್ ಒತ್ತುತ್ತಿದ್ದರು, ಟ್ರ್ಯಾಕ್ಟರೊಂದು ನಮ್ಮನ್ನು ದಾಟಿ ಹೋಯಿತು. ಸ್ಟೀರಿಂಗ್ ನನಗೆ ಕೊಡಿ ಎಂದರೆ ಕೇಳಿಸದವರಂತಿದ್ದರು. ದೇವನಹಳ್ಳಿ ಬಸ್ ನಿಲ್ದಾಣದ ಬಳಿ ಅಕ್ಕ ಇಳಿದು ಹೆಬ್ಬಾಳದ ಬಸ್ಸು ಹತ್ತಿದಳು. ನನಗೂ ಇಳಿಯುವ ಆಸೆಯಿತ್ತು, ಧೈರ್ಯವಾಗಲಿಲ್ಲ.

ನಾವು ಮನೆ ಮುಟ್ಟಿದಾಗ ಅಕ್ಕ ಸ್ನಾನ ಮುಗಿಸಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಭಾವ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ, "ನೋಡ್ದ್ಯಾ? ಘಾಟಿ ಈಗ ಏನೂ ಕಷ್ಟ ಇಲ್ಲ," ಎಂದರು.

ಅಕ್ಕ ಸೌಟು ಕೆಳಗಿಟ್ಟಳು. "ಮುಂದಿನ ತಿಂಗಳು ಧರ್ಮಸ್ಥಳದ ಬಸ್ಸಲ್ಲಿ ಎರಡು ಸೀಟ್ ಬುಕ್ ಮಾಡಿದೀನಿ. ನಂಗೊಂದು, ಇವಳಿಗೊಂದು. ನೀವು ಸೆಕೆಂಡ್ ಗೇರಲ್ಲಿ ಇವತ್ತೇ ಹೊರಡಿ, ಅಷ್ಟೊತ್ತಿಗೆ ಬಂದು ಸೇರ್ಕೋತೀರ."