ನಾನು ತಿದ್ದಿದ ಕೊಡದ ಕತೆ

೧೯೩೩ರಲ್ಲಿ ನಾನು ಪುಣೆಯ ಪೇಟೆಯೊಂದರ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಯ ಮಾಸ್ತರನಾಗಿದ್ದೆ. ಶಾಲೆ ಎಂದರೆ ಹಳೆಯ ವಾಡೆಯೊಂದರ ಮಾಳಿಗೆಯ ಮೇಲಿನ ಎರಡು ಕೋಣೆ. ಧಾರವಾಡ, ವಿಜಾಪುರದ ಕಡೆಯಿಂದ ಬಂದ ಕಾರಕೂನರ, ಗೌಂಡಿಗಳ, ಸಣ್ಣ ವ್ಯಾಪಾರಿಗಳ ಮಕ್ಕಳು ಅಲ್ಲಿ ಕನ್ನಡ ಓದುತ್ತಿದ್ದರು; ಮೆಟ್ಟಿಲಿಳಿದ ಕೂಡಲೆ ಮರಾಠಿಗೆ ತಿರುಗುತ್ತಿದ್ದರು. ಈಗ ಜನ ನನ್ನನ್ನು ಮಕ್ಕಳ ಸಾಹಿತಿ ಎನ್ನುತ್ತಾರೆ. ಆ ಹೆಸರು ಹೇಗೆ ಬಂತೆಂದು ಕೇಳಿದವರಿಗೆಲ್ಲ ಇಷ್ಟು ದಿನ ಸುಳ್ಳು ಹೇಳಿದ್ದೇನೆ. ನಿವೃತ್ತನಾದ ಮೇಲೆ ಸುಳ್ಳಿನಿಂದ ಗಳಿಸುವುದೇನೂ ಉಳಿದಿಲ್ಲ, ಅದಕ್ಕೇ ನಿಜ ಬರೆಯುತ್ತಿದ್ದೇನೆ.

ನಮ್ಮ ಮಕ್ಕಳಿಗೆ ಪಠ್ಯಪುಸ್ತಕಗಳು ಧಾರವಾಡದ ಕಡೆಯಿಂದ ಬರುತ್ತಿದ್ದವು. ಅವುಗಳ ತುಂಬ ಹೊಲ, ಬಾವಿ, ಎತ್ತು. ವಾಡೆಯ ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ಮಲಗಿ ಏಳುವ ಮಕ್ಕಳಿಗೆ ಅದು ರುಚಿಸುತ್ತಿರಲಿಲ್ಲ, ಓದೆಂದರೆ ಆಕಳಿಸುತ್ತಿದ್ದರು. ನಾನು ಒಂದು ಉಪಾಯ ಹೂಡಿದೆ. ಬೆಳಗ್ಗೆ ಬಂದವರು ದಾರಿಯಲ್ಲಿ ಕಂಡದ್ದನ್ನು ಕತೆ ಮಾಡಿ ಹೇಳಬೇಕು, ನಾನು ಅದನ್ನು ಹಲಗೆಯ ಮೇಲೆ ಬರೆಯಬೇಕು, ಎಲ್ಲರೂ ಓದಬೇಕು. ವಾರದೊಳಗೆ ತರಗತಿಯಲ್ಲಿ ಜೀವ ಬಂತು. ಆ ಜೀವದ ಮುಕ್ಕಾಲು ಪಾಲು ಒಬ್ಬಳೇ ಹುಡುಗಿಯದು.

ಅವಳು ನೀಲವ್ವ, ಗೋಡೆ ಕಟ್ಟುವ ಗೌಂಡಿ ಬಸಪ್ಪನ ಮಗಳು. ತಡವಾಗಿ ಶಾಲೆಗೆ ಸೇರಿದ್ದರಿಂದ ಆಗಲೇ ಹದಿಮೂರು ವರ್ಷ. ಮಾತಿಗೆ ನಿಂತರೆ ಕಸಬರಿಗೆಗೂ ಕಣ್ಣು ಮೂಗು ಮೂಡಿಸುವಳು. ಅವಳು ಹೇಳಿದ್ದನ್ನು ನಾನು ಒಂದು ವಹಿಯಲ್ಲಿ ಬರೆದಿಡತೊಡಗಿದೆ. ದೀಪಾವಳಿಯ ಹೊತ್ತಿಗೆ ಹನ್ನೆರಡು ಕತೆಗಳಾದವು. ಒಂಬತ್ತು ನೀಲವ್ವನವು.

ಎಲ್ಲಕ್ಕಿಂತ ಚೆಲುವಾದದ್ದು ಕೊಡದ ಕತೆ. ಹತ್ತಾರು ಮನೆಗಳಿಗೆ ಒಂದೇ ನಳವಿರುವ ಈ ವಾಡೆಗಳಲ್ಲಿ ನೀರು ಬರುವ ಮೊದಲೇ ಕೊಡಗಳನ್ನು ಸಾಲಾಗಿ ಇಟ್ಟು ಹೋಗುವುದು ರೂಢಿ. ಕೊಡವೇ ಮನೆಯವರ ಪಾಳಿ ಹಿಡಿಯುತ್ತದೆ. ಆದರೆ ದೊಡ್ಡ ಮನೆಯ ಹಿತ್ತಾಳೆ ಹಂಡೆ ತಡವಾಗಿ ಬಂದರೂ ಮುಂದೆ ಹೋಗಿ ಕೂರುತ್ತಿತ್ತು, ಸಣ್ಣ ಕೊಡ ಹಿಂದೆ ಸರಿಯುತ್ತಿತ್ತು. ನೀಲವ್ವನ ಕತೆಯಲ್ಲಿ ಸಣ್ಣ ಕೊಡ ಒಂದು ದಿನ ಉರುಳಿಕೊಂಡು ಮುಂದೆ ಹೋಗುತ್ತದೆ. "ನಾ ಮೊದಲ ಬಂದೀನಿ" ಎಂದು ಚೀರುತ್ತದೆ. ಹಿಂದಿನ ಕೊಡಗಳೆಲ್ಲ ದಡದಡ ಸದ್ದು ಮಾಡಿ ಅದರ ಬೆನ್ನಿಗೆ ನಿಲ್ಲುತ್ತವೆ. ಹಂಡೆ ತೆಪ್ಪಗೆ ಹಿಂದೆ ಸರಿಯುತ್ತದೆ. ಅಂದು ತರಗತಿ ಕೇಕೆ ಹಾಕಿದ್ದನ್ನು ಕೇಳಿ ಕೆಳಗಿನ ಅಂಗಡಿಯವರು ಮೇಲೆ ಬಂದು ನೋಡಿ ಹೋದರು.

ಹೆಡ್ ಮಾಸ್ತರರು ವಹಿ ನೋಡಿ ಪುಸ್ತಕ ಸಮಿತಿಗೆ ಕಳಿಸಲು ಹೇಳಿದರು. ಸಮಿತಿ ಎಂದರೆ ಮಕ್ಕಳ ಓದಿಗೆ ಯಾವ ಪುಸ್ತಕ ತಕ್ಕುದೆಂದು ಮಂಜೂರು ಮಾಡುವ ಹಿರಿಯರ ಮಂಡಳಿ. ಎರಡು ತಿಂಗಳಿಗೆ ಉತ್ತರ ಬಂತು: ಕತೆಗಳು ಸ್ವಾರಸ್ಯವಾಗಿವೆ, ಆದರೆ ಕೊನೆಗೆ ನೀತಿ ಇಲ್ಲ; ಚಿಕ್ಕವರು ದೊಡ್ಡವರನ್ನು ಹಿಂದೆ ಸರಿಸುವುದು ಮಕ್ಕಳಿಗೆ ಹಿತವಲ್ಲ; ತಿದ್ದಿ ಕಳಿಸಿದರೆ ವಿಚಾರ ಮಾಡಲಾಗುವುದು. ನಾನು ಒಂದು ರವಿವಾರ ಮಧ್ಯಾಹ್ನ ಕೂತು ತಿದ್ದಿದೆ. ನನ್ನ ಕತೆಯಲ್ಲಿ ಸಣ್ಣ ಕೊಡ ಸುಮ್ಮನೆ ಕಾಯುತ್ತದೆ. ಎಲ್ಲರದೂ ಆದ ಮೇಲೆ ಅದಕ್ಕೂ ನೀರು ಸಿಗುತ್ತದೆ. ಕೆಳಗೆ ದಪ್ಪಕ್ಷರದಲ್ಲಿ "ತಾಳಿದವನು ಬಾಳಿಯಾನು" ಎಂದು ಬರೆದೆ. ಊಟ ಮಾಡಿ ನಿದ್ದೆ ತೆಗೆಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಪುಸ್ತಕ ಅಚ್ಚಾಯಿತು. ಮುಖಪುಟದ ಮೇಲೆ ನನ್ನ ಹೆಸರು. ಮುನ್ನುಡಿಯಲ್ಲಿ ಸಮಿತಿಯವರನ್ನು, ಮುದ್ರಕರನ್ನು, ಹೆಡ್ ಮಾಸ್ತರರನ್ನು, ನನ್ನ ಹೆಂಡತಿಯನ್ನೂ ನೆನೆದೆ. ನೀಲವ್ವನನ್ನು ಬಿಟ್ಟೆ. ಗೌಂಡಿಯ ಮಗಳ ಹೆಸರು ಬಂದರೆ ಪುಸ್ತಕದ ತೂಕ ಇಳಿದೀತೆಂದು ಆಗ ನನಗೆ ಅನ್ನಿಸಿತ್ತು. ಇದಕ್ಕಿಂತ ಒಳ್ಳೆಯ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಪ್ರತಿಗಳು ಬಂದದ್ದು ವಾರ್ಷಿಕ ತಪಾಸಣೆಯ ವಾರವೇ. ಆ ವರ್ಷದ ಪರೀಕ್ಷೆಯ ಮೇಲೆ ನೀಲವ್ವನ ಬಾಳು ನಿಂತಿತ್ತು. ಪುಣೆಯಲ್ಲೇ ಇದ್ದ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಯೊಂದು ನಮ್ಮಲ್ಲಿ ಪಾಸಾದ ಒಬ್ಬಳನ್ನು ಊಟ ವಸತಿ ಕೊಟ್ಟು ಓದಿಸಲು ಒಪ್ಪಿತ್ತು. ಬಸಪ್ಪ ಮಾತು ಕೊಟ್ಟಿದ್ದ: "ಪಾಸಾದ್ರ ಕಳಸ್ತೀನ್ರಿ ಮಾಸ್ತರ. ಇಲ್ಲಾಂದ್ರ ಊರಾಗ ಗಂಡು ನೋಡೀವಿ." ನೀಲವ್ವನಿಗೆ ಮಾಸ್ತರಬಾಯಿ ಆಗುವ ಆಸೆ. ನಾನು ಅವಳ ಕೈಗೆ ಹೊಸ ಪುಸ್ತಕ ಕೊಟ್ಟು ಕೊಡದ ಪಾಠ ಓದಿಕೋ ಎಂದೆ. "ನನ್ನ ಕತಿ ನಾ ಯಾಕ ಓದ್ಲಿರಿ?" ಎಂದು ನಕ್ಕಳು. ತಿದ್ದಿದ್ದೇನೆಂದು ಆಗಲೇ ಹೇಳಬೇಕಿತ್ತು. ನಾಚಿಕೆಯಾಗಿ ಹೇಳಲಿಲ್ಲ.

ದಿಪೋಟಿ ಸಾಹೇಬರು, ಅಂದರೆ ಶಾಲಾ ಇನ್ಸ್‌ಪೆಕ್ಟರರು, ಸಜ್ಜನರು. ನನ್ನ ಮೇಲಿನ ಅಭಿಮಾನದಿಂದಲೇ ಹೊಸ ಪುಸ್ತಕ ಕೈಗೆತ್ತಿಕೊಂಡರು. ಪುಸ್ತಕ ಮುಚ್ಚಿಸಿ ಕತೆ ಹೇಳಿಸುವುದು, ಕೊನೆಗೆ ನೀತಿ ಕೇಳುವುದು ಅವರ ಪರೀಕ್ಷೆಯ ಕ್ರಮ. ಜಾಣೆಯೆಂದು ನಾನೇ ನೀಲವ್ವನನ್ನು ಮೊದಲು ನಿಲ್ಲಿಸಿದೆ. ಅವಳು ಕಣ್ಣರಳಿಸಿ ಹೇಳಿದಳು. ಕೊಡ ಉರುಳಿತು, ಚೀರಿತು, ಹಂಡೆ ಹಿಂದೆ ಸರಿಯಿತು.

ಸಾಹೇಬರು ಹುಬ್ಬೇರಿಸಿದರು. "ಹಂಗಲ್ಲವ್ವಾ. ನೆನಪು ಮಾಡ್ಕೊಂಡು ಹೇಳು."

"ಹಂಗ ಅದ ರೀ ಸಾಹೇಬ್ರ."

ಅವರು ಪುಟ ತೆರೆದು ತೋರಿಸಿದರು. ಅವಳು ಪುಸ್ತಕ ನೋಡಲೇ ಇಲ್ಲ, ನನ್ನತ್ತ ತಿರುಗಿದಳು. "ಮಾಸ್ತರ, ಹೇಳ್ರಿ ಅವ್ರಿಗೆ."

ಸಾಹೇಬರು ನಗುತ್ತ ನನ್ನನ್ನು ಕೇಳಿದರು: "ಬರದವ್ರು ಎದುರಿಗೇ ಇದ್ದೀರಲ್ಲ. ಸಣ್ಣ ಕೊಡ ಏನು ಮಾಡ್ತು?"

ನಿಜ ಹೇಳಿದ್ದರೆ ಆಗುವುದೇನಿತ್ತು? ಹೆಚ್ಚೆಂದರೆ ಪುಸ್ತಕದ ಮೇಲಿನ ಹೆಸರು ಹೋಗುತ್ತಿತ್ತು. ಆ ಗಳಿಗೆಯಲ್ಲಿ ನನಗೆ ಅದು ತಲೆಯೇ ಹೋದಂತೆ ಕಂಡಿತು.

"ಕಾದು ನಿಂತಿತು, ಸಾಹೇಬರೆ" ಎಂದೆ.

ನೀಲವ್ವ ಮತ್ತೆ ಬಾಯಿ ತೆರೆಯಲಿಲ್ಲ. ಲೆಕ್ಕ ಕೇಳಿದರು, ಪದ್ಯ ಕೇಳಿದರು, ಪುಣೆಯ ನದಿಗಳ ಹೆಸರು ಕೇಳಿದರು. ಎಲ್ಲವೂ ಅವಳಿಗೆ ಬಾಯಿಪಾಠ. ನೆಲ ನೋಡುತ್ತ ನಿಂತಳು. "ಅಭ್ಯಾಸ ಸಾಲದು" ಎಂದು ಸಾಹೇಬರು ಬರೆದುಕೊಂಡರು. ನಾಪಾಸು.

ಬಸಪ್ಪನ ಮನೆಗೆ ನಾನು ಹೋದದ್ದು ನಾಲ್ಕು ದಿನದ ಮೇಲೆ. ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಸಂಕೋಚವಿತ್ತು. "ಕಲಿಸಿದ ಮಾಸ್ತರು ಬರದ ಕತೀನ ಅಕಿಗೆ ಹೇಳಾಕ ಬರಲಿಲ್ಲಂತ. ನಿಮ್ಮ ಮಾನ ಕಳದ್ಲು, ಏನೂ ತಿಳ್ಕೋಬ್ಯಾಡ್ರಿ" ಎಂದು ಕೈ ಮುಗಿದ. ನೀಲವ್ವ ಚಹಾ ತಂದಿಟ್ಟು ಒಳಗೆ ಹೋದಳು. ಆಗಲಾದರೂ ಹೇಳಬಹುದಿತ್ತು. ಚಹಾ ಕುಡಿದು ಎದ್ದು ಬಂದೆ. ಅದೇ ವೈಶಾಖದಲ್ಲಿ ಅವಳ ಮದುವೆಯಾಯಿತು.

ಪುಸ್ತಕ ಮಾತ್ರ ಚೆನ್ನಾಗಿ ನಡೆಯಿತು. ಮೂರು ಸಲ ಅಚ್ಚಾಯಿತು. ಮಕ್ಕಳ ಮನಸ್ಸು ಬಲ್ಲ ಲೇಖಕನೆಂದು ಸಭೆ ಮಾಡಿ ಶಾಲು ಹೊದಿಸಿದರು. ಆಮೇಲೆ ನಾನೇ ಸ್ವಂತ ಬುದ್ಧಿಯಿಂದ ನಾಲ್ಕು ಪುಸ್ತಕ ಬರೆದೆ. ಕತೆಗಿಂತ ನೀತಿಯೇ ಹೆಚ್ಚು; ಉಪ್ಪು ಹಾಕದ ಅಂಬಲಿ. ಸಮಿತಿ ಅವನ್ನು ಒಂದಕ್ಷರ ತಿದ್ದದೆ ಮಂಜೂರು ಮಾಡಿತು.

೧೯೪೬ರ ಜೂನ್‌ನಲ್ಲಿ ಶಾಲೆ ಶುರುವಾದ ವಾರ ಹೆಂಗಸೊಬ್ಬಳು ಆರು ವರ್ಷದ ಮಗಳನ್ನು ಸೇರಿಸಲು ಬಂದಳು. "ನಾ ನೀಲವ್ವ ರೀ" ಎಂದ ಮೇಲೆಯೇ ನನಗೆ ಗುರುತು ಹತ್ತಿದ್ದು. ಗಂಡನೂ ಗೌಂಡಿ, ಕೆಲಸ ಹುಡುಕಿಕೊಂಡು ಪುಣೆಗೆ ಮರಳಿದ್ದರು. ನಾನು ದಾಖಲೆ ಬರೆಯುತ್ತಿದ್ದಾಗ ಅವಳು ಮೇಜಿನ ಮೇಲಿದ್ದ ನನ್ನ ಪುಸ್ತಕ ತೆಗೆದುಕೊಂಡಳು. ಕೊಡದ ಪಾಠ ಹುಡುಕಿ ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದಳು. ಬೈಯಲಿ, ಪುಸ್ತಕ ಹರಿದು ನನ್ನ ಮುಖಕ್ಕೆ ಎಸೆಯಲಿ ಎಂದು ಕಾದೆ.

ಅವಳು ಪುಸ್ತಕ ಮುಚ್ಚಿ ಮೊದಲಿದ್ದಲ್ಲೇ ಇಟ್ಟಳು. ಬಗ್ಗಿ ಮಗಳ ಗಲ್ಲ ಹಿಡಿದು ಹೇಳಿದಳು: "ಸಾಹೇಬ್ರು ಕೇಳಿದ್ರ ಕೊಡ ಕಾಯ್ತು ಅಂತ ಹೇಳು. ಬ್ಯಾರೆ ಏನೂ ಹೇಳಬ್ಯಾಡ." ಆಮೇಲೆ ನನಗೆ ನಮಸ್ಕಾರ ಮಾಡಿ ಮೆಟ್ಟಿಲಿಳಿದು ಹೋದಳು.

ಮೂವತ್ತೊಂದು ವರ್ಷ ಪಾಠ ಹೇಳಿದೆ, ಐದು ಪುಸ್ತಕ ಬರೆದೆ. ನಾನು ದಪ್ಪಕ್ಷರದಲ್ಲಿ ಬರೆದ ನೀತಿಗಳನ್ನು ಮಕ್ಕಳು ಪರೀಕ್ಷೆ ಮುಗಿದ ಮರುದಿನವೇ ಮರೆತರು. ಅಂದು ಸಾಹೇಬರ ಎದುರು ಎರಡೇ ಮಾತಿನಲ್ಲಿ ನಾನು ಕಲಿಸಿದ್ದು ತಾಯಿಯಿಂದ ಮಗಳಿಗೆ ಹೋಯಿತು.